14 ಲೀಟರ್ ನೀರು, ಒಂದು ಟೆಂಟು, ದೊಡ್ಡಪ್ಪನ ಹೊಲ

ನನ್ನ ಭಾವಮೈದ ಅಮೆರಿಕದ ಕೊಲೊರಾಡೊದಲ್ಲಿದ್ದಾನೆ. ವರ್ಷಕ್ಕೆ ಎರಡು ಮೂರು ಸಲ ಕಾಡಿಗೆ ಹೋಗಿ ಟೆಂಟ್ ಹಾಕಿ ಮಲಗಿ ಬರುತ್ತಾನೆ. ಬಂದವನೇ ಫೋಟೋ ಕಳಿಸುತ್ತಾನೆ. ಒಂದು ಟೆಂಟು, ಹಿಂದೆ ಪೈನ್ ಮರ, ಕೈಯಲ್ಲಿ ಕಾಫಿ ಲೋಟ. ‘ದುಡ್ಡೆಷ್ಟಾಯ್ತೋ?’ ಅಂತ ಒಂದು ಸಲ ಕೇಳಿದೆ. ‘ಜಾಗಕ್ಕೆ ಒಂದು ಪೈಸೆನೂ ಇಲ್ಲ ಭಾವ’ ಅಂದ. ಅಲ್ಲಿನ ನ್ಯಾಷನಲ್ ಫಾರೆಸ್ಟ್‌ಗಳಲ್ಲಿ ಬಹಳಷ್ಟು ಕಡೆ ಹೀಗೆ ಪುಕ್ಕಟೆ ಟೆಂಟ್ ಹಾಕಬಹುದಂತೆ. ಸಾಮಾನ್ಯವಾಗಿ 14 ದಿನದವರೆಗೆ ಯಾರೂ ಏಳಿಸಲ್ಲ. ಆದರೆ ನಲ್ಲಿ ಇರಲ್ಲ, ಕಕ್ಕಸು ಇರಲ್ಲ, ಕಸದ ಡಬ್ಬಿ ಇರಲ್ಲ. ತಂದಿದ್ದು ನಿನ್ನದು, ಉಳಿದಿದ್ದೂ ನಿನ್ನದು.

ನಾನಿರೋದು ತುಮಕೂರು. ಮನೆ ತಾರಸಿ ಹತ್ತಿದರೆ ದೇವರಾಯನದುರ್ಗದ ಬೆಟ್ಟ ಕಾಣುತ್ತೆ. ಇಷ್ಟು ಹತ್ತಿರ ಬೆಟ್ಟ ಇಟ್ಟುಕೊಂಡು ಅವನ ಫೋಟೋ ನೋಡ್ತಾ ಕೂರಬೇಕಾ ಅನ್ನಿಸಿತು. ಬೆಂಗಳೂರಿನಲ್ಲಿರುವ ಗೆಳೆಯನೊಬ್ಬನಿಗೆ ಹೇಳಿದೆ. ಅವನು ಅರ್ಧ ಗಂಟೆಯಲ್ಲಿ ಟೆಂಟ್ ಆರ್ಡರ್ ಮಾಡಿ ಕೂತ. ಜಾಗ ಎಲ್ಲಿ ಅನ್ನೋದು ಇಬ್ಬರಿಗೂ ಗೊತ್ತಿರಲಿಲ್ಲ.

ಒಂದು ಭಾನುವಾರ ನಾಮದ ಚಿಲುಮೆಗೆ ಹೋದೆ. ರಾಮ ಹಣೆಗೆ ನಾಮ ಇಟ್ಟುಕೊಳ್ಳೋಕೆ ನೀರು ಸಿಗದೆ ಬಂಡೆಗೆ ಬಾಣ ಬಿಟ್ಟ, ನೀರು ಚಿಮ್ಮಿತು ಅಂತ ಕಥೆ ಇರುವ ಜಾಗ ಅದು. ಚಿಕ್ಕಂದಿನಿಂದ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಅವತ್ತು ಮಾತ್ರ ಬೇರೆ ಥರ ಕಂಡಿತು. ಕಾಡಿಗೆ ಬಂದ ಮೇಲೆ ರಾಮನಿಗೂ ಮೊದಲ ತಾಪತ್ರಯ ನೀರೇ ಅಲ್ವಾ?

ಅಲ್ಲಿದ್ದ ಅರಣ್ಯ ಸಿಬ್ಬಂದಿಯೊಬ್ಬರನ್ನು ಮಾತಿಗೆ ಎಳೆದೆ. ‘ಸಾರ್, ಒಳಗಡೆ ಎಲ್ಲಾದ್ರೂ ಒಂದು ರಾತ್ರಿ ಟೆಂಟ್ ಹಾಕ್ಕೋಬಹುದಾ? ಬೆಂಕಿ ಹಾಕಲ್ಲ, ಕುಡಿಯಲ್ಲ, ಕಸ ಬಿಡಲ್ಲ’ ಅಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ‘ಎಲ್ರೂ ಅಂಗೇ ಹೇಳೋದು’ ಅಂದರು. ಆಮೇಲೆ ಸಮಾಧಾನದಿಂದಲೇ ವಿವರಿಸಿದರು. ಮೀಸಲು ಅರಣ್ಯದೊಳಗೆ ಅನುಮತಿ ಇಲ್ಲದೆ ಕಾಲಿಡುವುದೇ ತಪ್ಪು. ಬೆಂಕಿ ಹೊತ್ತಿಸಿದರಂತೂ ಕೇಸು. 1963ರ ಕರ್ನಾಟಕ ಅರಣ್ಯ ಕಾಯ್ದೆಯಲ್ಲೇ ಇದೆ. ‘ಚಿರತೆ ಐತೆ, ಕರಡಿ ಐತೆ. ನಿಮಗೇನಾದ್ರೂ ಆದ್ರೆ ನಾಳೆ ಪೇಪರ್ನೋರು ಯಾರನ್ನ ಕೇಳ್ತಾರೆ? ನಮ್ಮನ್ನ.’

ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಬಿಟ್ಟುಕೊಟ್ಟರೆ ಮುಂದಿನ ವಾರಕ್ಕೆ ಅಲ್ಲಿ ಏನೇನು ಬಿದ್ದಿರುತ್ತೆ ಅಂತ ನಮ್ಮ ಬೆಟ್ಟಗಳನ್ನು ನೋಡಿದ ಯಾರಿಗಾದರೂ ಗೊತ್ತು. ಸ್ವೀಡನ್‌ನಲ್ಲಿ ಯಾರದೇ ಜಮೀನಾದರೂ ಮನೆ, ಬೆಳೆಗೆ ತೊಂದರೆ ಕೊಡದೆ ಒಂದೆರಡು ರಾತ್ರಿ ಟೆಂಟ್ ಹಾಕೋಕೆ ಎಲ್ಲರಿಗೂ ಹಕ್ಕಿದೆ ಅಂತ ಭಾವಮೈದ ಹೇಳಿದ್ದ. ಆ ಹಕ್ಕು ನಮಗೆ ಬರೋದಕ್ಕೆ ಮೊದಲು ಬಾಟಲಿ ಒಡೆಯೋ ಚಟ ಹೋಗಬೇಕು.

ಆಮೇಲೆ ಗೋಮಾಳ, ಗುಂಡುತೋಪು ಅಂತೆಲ್ಲ ಯೋಚಿಸಿದೆವು. ಅದನ್ನು ಕೇಳಿ ಅಮ್ಮ ನಕ್ಕರು. ‘ರಾತ್ರಿ ಹೊತ್ತು ಟಾರ್ಚ್ ಹಿಡ್ಕೊಂಡು ಗುಡ್ಡದ ಬುಡದಲ್ಲಿ ಇಬ್ರು ಗಂಡಸ್ರು ಕೂತಿದ್ರೆ ಊರೋರು ನಿಧಿ ತೆಗೆಯೋರು ಅಂತ ಕಟ್ಟಿ ಹಾಕ್ತಾರೆ.’ ತಮಾಷೆಯಲ್ಲ. ನಮ್ಮ ಕಡೆ ಹಳೇ ಕೋಟೆ, ಹಾಳು ಗುಡಿ ಇರುವ ಬೆಟ್ಟಗಳ ಸುತ್ತ ನಿಧಿಗಳ್ಳರ ಕಾಟ ನಿಜವಾಗಲೂ ಇದೆ. ಅಮ್ಮನೇ ದಾರಿ ತೋರಿಸಿದರು. ‘ಕೊರಟಗೆರೆ ಹತ್ರ ನಿಮ್ಮ ದೊಡ್ಡಪ್ಪನ ಹೊಲ ಬೆಟ್ಟದ ಬುಡದಲ್ಲೇ ಇದೆಯಲ್ಲೋ. ಅವರನ್ನ ಕೇಳು.’

ಸ್ವಂತ ದೊಡ್ಡಪ್ಪ ಅಲ್ಲ, ವರಸೆಯಲ್ಲಿ ದೊಡ್ಡಪ್ಪ. ಮದುವೆ, ತಿಥಿ ಬಿಟ್ಟರೆ ಭೇಟಿ ಇಲ್ಲ. ಫೋನ್ ಮಾಡಿ ವಿಷಯ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮೌನ.

‘ಹೊಲದಾಗ್ ಮಲಿಕೊಂತೀರಾ?’

‘ಹೂಂ ದೊಡ್ಡಪ್ಪ.’

‘ಮನೇಗ್ ಬಾರಪ್ಪ. ಮಂಚ ಐತೆ, ಫ್ಯಾನ್ ಐತೆ.’

‘ಅದಲ್ಲ ದೊಡ್ಡಪ್ಪ, ಸುಮ್ನೆ ಒಂದು ರಾತ್ರಿ ಹೊರಗಡೆ ಇರೋಣ ಅಂತ.’

‘ನಿಧಿ ಗಿಧಿ ಏನೂ ಅಲ್ಲ ತಾನೇ?’

ಅಮ್ಮ ಪಕ್ಕದಲ್ಲೇ ಇದ್ದರು. ನನ್ನ ಮುಖ ನೋಡಿ ಮತ್ತೆ ನಕ್ಕರು.

ಜನವರಿ ಮೊದಲ ಶನಿವಾರ ಹೊರಟೆವು. ಗೆಳೆಯ ಬೆಂಗಳೂರಿನಿಂದ ಬೈಕಲ್ಲಿ ಬರೋವಾಗ ಕ್ಯಾತ್ಸಂದ್ರದಲ್ಲಿ ನಿಲ್ಲಿಸಿ ದೊಡ್ಡಪ್ಪನ ಮನೆಗೆ ಅಂತ ತಟ್ಟೆ ಇಡ್ಲಿ ಕಟ್ಟಿಸಿಕೊಂಡು ಬಂದಿದ್ದ. ಸಾಮಾನು ಹೊಂದಿಸೋಕೆ ಒಂದು ವಾರ ಹಿಡಿದಿತ್ತು. ಎರಡೂವರೆ ಕೆಜಿ ಟೆಂಟು, ಎರಡು ಫೋಮ್ ಚಾಪೆ, ಮನೆಯ ಎರಡು ದಪ್ಪ ರಗ್ಗು, ಅಂಗೈಯಗಲದ ಗ್ಯಾಸ್ ಒಲೆ, ತಲೆಗೆ ಕಟ್ಟಿಕೊಳ್ಳೋ ಲೈಟು ಎರಡು. ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಎಷ್ಟು ಹೊತ್ತಾಗುತ್ತೆ ಅಂತ ಮೊದಲೇ ನೋಡಿಟ್ಟುಕೊಂಡಿದ್ದೆ. ಹೊಲದಲ್ಲಿ ಫೋನ್ ಸಿಗ್ನಲ್ ಬರುತ್ತಾ ಅಂತಲೂ ಕೇಳಿದ್ದೆ. ಕೊಳಕುಮಂಡಲ ಇರೋ ಸೀಮೆಯಲ್ಲಿ ಇದು ಹೇಡಿತನ ಅಲ್ಲ. ಹಾವು ಕಚ್ಚಿದರೆ ಕಟ್ಟು ಬಿಗಿಯೋದು, ಕುಯ್ಯೋದು ಏನೂ ಬೇಡ, 108ಕ್ಕೆ ಫೋನ್ ಮಾಡಿ ಕಚ್ಚಿದ ಕಡೆ ಅಲ್ಲಾಡಿಸದೆ ಆಸ್ಪತ್ರೆಗೆ ಹೋಗಬೇಕು ಅಂತ ಇಬ್ಬರೂ ಬಾಯಿಪಾಠ ಮಾಡಿಕೊಂಡಿದ್ದೆವು.

ಮಿಕ್ಕಿದ್ದೆಲ್ಲ ನೀರು. ಐದೈದು ಲೀಟರಿನ ಎರಡು ಕ್ಯಾನು, ಒಂದೊಂದು ಲೀಟರಿನ ನಾಲ್ಕು ಬಾಟಲಿ. ಒಟ್ಟು 14 ಲೀಟರ್. ಅಂದರೆ 14 ಕೆಜಿ. ಪುಸ್ತಕದಲ್ಲಿ ಓದೋವಾಗ ಅದು ಬರೀ ಲೆಕ್ಕ. ಬೈಕು ದೊಡ್ಡಪ್ಪನ ಮನೆ ಮುಂದೆ ನಿಲ್ಲಿಸಿ ಒಂದೂವರೆ ಕಿಲೋಮೀಟರ್ ನಡೆದಾಗ ಅದು ಏನು ಅಂತ ಬೆರಳುಗಳಿಗೆ ಗೊತ್ತಾಯಿತು. ಕ್ಯಾನಿನ ಹಿಡಿ ಬೆರಳ ಗೆಣ್ಣಿಗೆ ಕೊರೆಯುತ್ತಿತ್ತು. ನೂರು ಹೆಜ್ಜೆಗೆ ಒಂದು ಸಲ ಕೈ ಬದಲಾಯಿಸುತ್ತಿದ್ದೆವು. ಮುಂದೆ ದೊಡ್ಡಪ್ಪ ಬರಿಗೈಯಲ್ಲಿ, ಹೆಗಲ ಮೇಲೆ ಟವಲ್ ಹಾಕಿಕೊಂಡು ಆರಾಮಾಗಿ ಹೋಗುತ್ತಿದ್ದರು. ‘ಬೋರ್‌ವೆಲ್ ಐತಲ್ಲೋ’ ಅಂದರು. ‘ಈಗ ನೀರು ಬರುತ್ತಾ ದೊಡ್ಡಪ್ಪ?’ ‘ಕರೆಂಟ್ ಬಂದ್ರೆ.’ ‘ಯಾವಾಗ ಬರುತ್ತೆ?’ ಅದಕ್ಕೆ ಅವರು ತಿರುಗಿ ನೋಡಿದರು ಅಷ್ಟೇ.

ಹೊಲ ಚೆನ್ನಾಗಿತ್ತು. ರಾಗಿ ಕುಯ್ದು ಕೂಳೆ ಉಳಿದಿತ್ತು. ಬದುವಿನ ಮೇಲೆ ಅವರೆ, ತೊಗರಿ. ಹೊಲದ ಮೇಲ್ಗಡೆ ಬಂಡೆ ಹಾಸು. ಅದರಾಚೆ ಬಂದರಿಕೆ ಗಿಡ, ಲಂಟಾನ, ಬಾದೆ ಹುಲ್ಲು. ಅಲ್ಲಿಂದ ಅರಣ್ಯ ಇಲಾಖೆಯ ಕಲ್ಲು. ‘ಈ ಕಲ್ಲಿನ ಆಚೆ ಅವರದು, ಈಚೆ ನಮ್ಮದು. ಆಚೆ ಹೋಗ್ಬೇಡ್ರಿ’ ಅಂದರು.

ನಾವು ಮೊದಲು ಆರಿಸಿಕೊಂಡ ಜಾಗ ಫೋಟೋಗೆ ಹೇಳಿ ಮಾಡಿಸಿದಂತಿತ್ತು. ಒಂದು ದೊಡ್ಡ ಎಲಚಿ ಮರ, ಅದರ ಕೆಳಗೆ ಮಟ್ಟಸವಾದ ನೆಲ, ಎದುರಿಗೆ ಬೆಟ್ಟ. ಗೆಳೆಯ ಆಗಲೇ ಟೆಂಟಿನ ಚೀಲ ಬಿಚ್ಚುತ್ತಿದ್ದ. ದೊಡ್ಡಪ್ಪ ‘ಇಲ್ಲಿ ಬ್ಯಾಡ’ ಅಂದರು. ಯಾಕೆ ಅಂದರೆ ಮಾತಾಡದೆ ನಾಲ್ಕು ಮಾರು ಆಚೆ ಕರೆದುಕೊಂಡು ಹೋಗಿ ಕಾಲಿನಿಂದ ಹುಲ್ಲು ಸರಿಸಿದರು. ಒಂದು ಗುಡ್ಡೆ ಲದ್ದಿ. ಒಣಗಿತ್ತು. ಬಗ್ಗಿ ನೋಡಿದರೆ ತುಂಬಾ ಎಲಚಿ ಬೀಜ, ಇಡಿ ಇಡಿಯಾಗಿ, ಅಂಟಿನ ಉಂಡೆಯ ಥರ ಕೂಡಿಕೊಂಡಿದ್ದವು.

‘ಕರಡಿದು. ಹಣ್ಣು ಉದುರೋ ಕಾಲ. ಅದು ಇಲ್ಲಿಗೆ ಬರೋದು ನಿಮ್ಮನ್ನ ನೋಡಕ್ಕಲ್ಲ, ಹಣ್ಣಿಗೆ. ನೀವು ಅಡ್ಡ ಮಲಗಿದ್ರೆ ಅದೇನ್ ಮಾಡ್ಬೇಕು?’

ಸಂಕ್ರಾಂತಿಗೆ ಮಕ್ಕಳ ತಲೆ ಮೇಲೆ ಎರೆಯೋ ಎಲಚಿ ಹಣ್ಣು ಕರಡಿಗೂ ಅಷ್ಟೇ ಪ್ರೀತಿ ಅಂತ ನಲವತ್ತು ವರ್ಷ ಇದೇ ಜಿಲ್ಲೆಯಲ್ಲಿದ್ದೂ ನನಗೆ ಗೊತ್ತಿರಲಿಲ್ಲ. ಹುತ್ತದ ಹತ್ತಿರವೂ ಬೇಡ ಅಂದರು. ಗೆದ್ದಲು ಕೂಡ ಕರಡಿಯ ಊಟವೇ. ಕೊನೆಗೆ ಅವರು ತೋರಿಸಿದ್ದು ಹೊಲದ ನಡುವಿನ ಬಟಾಬಯಲು. ಸುತ್ತ ಕೂಳೆ, ಯಾವ ಅಂದವೂ ಇಲ್ಲ. ಆದರೆ ನಾಲ್ಕೂ ಕಡೆ ಕಾಣುತ್ತೆ. ಕರಡಿಗೂ ನಾವಿರೋದು ದೂರದಿಂದಲೇ ಗೊತ್ತಾಗುತ್ತೆ. ಅದು ಮುಖ್ಯ. ಎದುರಾಎದುರು ಸಿಕ್ಕಿ ಗಾಬರಿಯಾದಾಗಲೇ ಕರಡಿ ಮೈಮೇಲೆ ಬೀಳೋದು.

ಟೆಂಟ್ ಹಾಕೋಕೆ ಹತ್ತು ನಿಮಿಷ ಅಂತ ಡಬ್ಬಿ ಮೇಲೆ ಬರೆದಿತ್ತು. ಗರಸು ನೆಲ ಅದನ್ನು ಓದಿರಲಿಲ್ಲ. ಮೊದಲ ಗೂಟ ಎರಡು ಇಂಚು ಇಳಿದು ಬಗ್ಗಿತು. ಎರಡನೆಯದೂ ಅಷ್ಟೇ. ಮೂರನೆಯದಕ್ಕೆ ಗೆಳೆಯ ಕಲ್ಲಿನಿಂದ ಕುಟ್ಟಿ ತನ್ನ ಹೆಬ್ಬೆರಳನ್ನೇ ಕುಟ್ಟಿಕೊಂಡ. ಕೊನೆಗೆ ಗೂಟ ಬಿಟ್ಟು, ಬದುವಿನ ಮೇಲಿದ್ದ ದಪ್ಪ ಕಲ್ಲುಗಳಿಗೆ ಹಗ್ಗ ಸುತ್ತಿ ಎಳೆದು ಕಟ್ಟಿದೆವು. ನಮ್ಮ ಸೀಮೆಗೆ ಇದೇ ಸರಿಯಾದ ವಿಧಾನ. ಗೂಟದ ಬದಲು ಇನ್ನೊಂದಷ್ಟು ಹಗ್ಗ ತರಬೇಕಿತ್ತು.

ಇನ್ನು ಹೇಳೋಕೆ ಸಂಕೋಚ ಪಡುವ ಭಾಗ. ಕಕ್ಕಸು. ನಿಯಮ ಸುಲಭ. ನೀರಿನ ಜಾಗದಿಂದ ಸುಮಾರು 60 ಮೀಟರ್ ದೂರ, 15ರಿಂದ 20 ಸೆಂಟಿಮೀಟರ್ ಆಳದ ಗುಂಡಿ, ಆಮೇಲೆ ಅದೇ ಮಣ್ಣು ಮುಚ್ಚೋದು. ಇದಕ್ಕೇ ಅಂತ ಆನ್‌ಲೈನಲ್ಲಿ ಒಂದು ಪ್ಲಾಸ್ಟಿಕ್ ಸಲಿಕೆ ತರಿಸಿದ್ದೆ. ಅದು ಮೊದಲ ಏಟಿಗೇ ಮುರಿಯಿತು. ದೊಡ್ಡಪ್ಪ ಏನೂ ಹೇಳದೆ ಮೋಟರ್ ಮನೆಯಿಂದ ಒಂದು ಹಾರೆ ತಂದುಕೊಟ್ಟರು. ಹಾರೆ ಹಾಕಿದರೂ 15 ಸೆಂಟಿಮೀಟರ್ ಆಗೋಕೆ ಕಾಲು ಗಂಟೆ ಬೇಕಾಯಿತು. ಇದನ್ನು ಬೆಳಕಿರುವಾಗಲೇ ತೋಡಿಟ್ಟುಕೊಂಡಿದ್ದು ಇಡೀ ಪ್ರವಾಸದಲ್ಲಿ ನಾವು ಮಾಡಿದ ಒಂದೇ ಬುದ್ಧಿವಂತಿಕೆ. ಆಗ ಆ ದಾರಿಯಲ್ಲಿ ದನ ಹೊಡೆದುಕೊಂಡು ಹೋಗುತ್ತಿದ್ದ ಹುಡುಗನೊಬ್ಬ ನಿಂತು, ಹಾರೆ ನೋಡಿದ, ಗುಂಡಿ ನೋಡಿದ, ನಮ್ಮನ್ನು ನೋಡಿದ. ದೊಡ್ಡಪ್ಪ ‘ನಮ್ಮೋರೇ ಕಣ್ಲಾ, ಹೋಗು’ ಅಂತ ಕೂಗಿದ ಮೇಲೆ ಹೋದ. ಅಮ್ಮ ಹೇಳಿದ್ದು ನೆನಪಾಯಿತು.

ಕತ್ತಲಾಗುತ್ತಿದ್ದಂತೆ ದೊಡ್ಡಪ್ಪ ಮನೆಗೆ ಹೊರಟರು. ಎರಡು ಮಾತು ಹೇಳಿದರು. ಬೆಂಕಿ ಹಾಕಬೇಡಿ. ಶೂ ಕೊಡವದೆ ಕಾಲಿಗೆ ಹಾಕಬೇಡಿ, ಚೇಳು ಇರುತ್ತೆ.

ಬೆಂಕಿ ಇಲ್ಲ ಅನ್ನೋದು ಗೆಳೆಯನಿಗೆ ಬಹಳ ಬೇಜಾರು. ‘ಬೆಂಕಿ ಇಲ್ದೆ ಎಂಥ ಕ್ಯಾಂಪಿಂಗ್?’ ಅಂತ ಗೊಣಗಿದ. ಆ ಬಾದೆ ಹುಲ್ಲಿನ ಒಂದು ಎಸಳು ಕಿತ್ತು ಅವನ ಕೈಗೆ ಕೊಟ್ಟೆ. ಮುರಿದರೆ ಪಟ್ ಅನ್ನುತ್ತಿತ್ತು. ಒಂದು ಕಿಡಿ ಸಾಕು, ಬೆಟ್ಟದ ತುದಿ ತನಕ ಓಡುತ್ತೆ. ನಮ್ಮ ಒಣ ಕಾಡುಗಳಿಗೆ ಜನವರಿಯಿಂದ ಮಳೆ ಬರೋ ತನಕ ಬೆಂಕಿಯದೇ ಭಯ. ಗ್ಯಾಸ್ ಒಲೆಯನ್ನೂ ಬಂಡೆ ಮೇಲೆ ಇಟ್ಟು, ಪಕ್ಕದಲ್ಲಿ ಒಂದು ಬಾಟಲಿ ನೀರು ಇಟ್ಟುಕೊಂಡೇ ಹಚ್ಚಿದೆವು. ಮನೆಯಿಂದ ತಂದ ಚಿತ್ರಾನ್ನ, ಬದುವಿನ ಅವರೆಕಾಯಿ ಬಿಡಿಸಿ ಬೇಯಿಸಿದ ಉಸಲಿ. ಸೊಗಡು ಅವರೆಯ ವಾಸನೆಗೆ ಚಿತ್ರಾನ್ನ ಸೋತಿತು.

ಆ ಉಸಲಿಗೆ ಎಷ್ಟು ನೀರು ಹೋಯಿತು ಅಂತ ಕೇಳಿ. ತೊಳೆಯೋಕೆ ಒಂದು ಲೀಟರ್, ಬೇಯಿಸೋಕೆ ಒಂದು, ಪಾತ್ರೆಗೆ ಇನ್ನೊಂದು. ಅಷ್ಟರಲ್ಲಿ ಗೆಳೆಯ ಅಭ್ಯಾಸ ಬಲದಿಂದ ಕ್ಯಾನು ಬಗ್ಗಿಸಿ ಕೈಕಾಲು ತೊಳೆದುಕೊಂಡ. ಕ್ಯಾನಿನ ಬಾಯಿಂದ ಗುಳುಗುಳು ಅಂತ ನೀರು ಹೋಗೋ ಸದ್ದಿಗೆ ನನ್ನ ಬೆರಳ ಗೆಣ್ಣು ಮತ್ತೆ ನೋಯಿತು. ಜಗಳವೇ ಆಯಿತು. ರಾತ್ರಿ ಒಂಬತ್ತಕ್ಕೆ ಉಳಿದಿದ್ದು ಏಳು ಲೀಟರ್. ಮನೆಯಲ್ಲಿ ಹಲ್ಲುಜ್ಜೋವಾಗಲೇ ಅಷ್ಟು ಬಿಡುತ್ತೇವೇನೋ.

ಊಟದ ಚೀಲವನ್ನು ಟೆಂಟಿನೊಳಗೆ ಇಡದೆ ದೂರದ ಹೊಂಗೆ ಮರಕ್ಕೆ ಕಟ್ಟಿದೆವು. ಆಮೇಲೆ ಬಂಡೆ ಮೇಲೆ ಅಂಗಾತ ಮಲಗಿದೆವು. ಬಂಡೆ ಇನ್ನೂ ಬೆಚ್ಚಗಿತ್ತು. ಆಗ್ನೇಯ ದಿಕ್ಕಿನಲ್ಲಿ ಬೆಂಗಳೂರಿನ ಬೆಳಕು ಮಂಕಾಗಿ ಹರಡಿತ್ತು. ಆ ಕಡೆ ಬಿಟ್ಟರೆ ಆಕಾಶ ತುಂಬಾ ನಕ್ಷತ್ರ. ನೆತ್ತಿಯ ಹತ್ತಿರ ಕೃತ್ತಿಕೆಯ ಗೊಂಚಲು ಕಂಡಿತು. ಅದರ ಬಗ್ಗೆ ಚೆಂದವಾಗಿ ಬರೆಯಬೇಕು ಅಂತಿದ್ದೆ. ಆದರೆ ನಿಜ ಹೇಳಬೇಕೆಂದರೆ ಅರ್ಧ ಗಂಟೆಗೆ ಚಳಿ ಹಿಡಿದು ಒಳಗೆ ಹೋದೆವು.

ನಿದ್ದೆ ಬರಲಿಲ್ಲ. ಗೆಳೆಯ ಅವತ್ತೇ ಎಲ್ಲೋ ಓದಿಕೊಂಡು ಬಂದಿದ್ದ, ಚಿರತೆ ಕೂಗಿದರೆ ಮರ ಕೊಯ್ಯೋ ಗರಗಸದ ಥರ ಕೇಳುತ್ತಂತೆ. ಅದನ್ನು ಟೆಂಟಿನೊಳಗೆ ಮಲಗಿದ ಮೇಲೆ ಹೇಳಿದ. 2019-20ರಲ್ಲಿ ತುಮಕೂರು ಸುತ್ತಮುತ್ತಲ ಹಳ್ಳಿಗಳಲ್ಲಿ ಚಿರತೆ ಜನರನ್ನು ಕೊಂದಿದ್ದು ನನಗೆ ನೆನಪಿತ್ತು. ಅದನ್ನು ನಾನು ಅವನಿಗೆ ಹೇಳಲಿಲ್ಲ. ಎಲ್ಲೋ ನರಿ ಕೂಗಿತು. ಊರಿನ ನಾಯಿಗಳು ಉತ್ತರ ಕೊಟ್ಟವು. ಟೆಂಟಿನ ಬಟ್ಟೆ ಗಾಳಿಗೆ ಉಸಿರಾಡುತ್ತಿತ್ತು.

ಒಂದು ಗಂಟೆ ದಾಟಿತ್ತು. ಟಕ್, ಟಕ್ ಅಂತ ಸದ್ದು. ನಿಂತಿತು. ಮತ್ತೆ ಟಕ್. ಆಮೇಲೆ ಒರಟಾದ ಕೆಮ್ಮು. ಗೆಳೆಯ ನನ್ನ ಮೊಣಕೈ ಹಿಡಿದುಕೊಂಡ. ಉಗುರು ಇಳಿದಿದ್ದ ಗುರುತು ಎರಡು ದಿನ ಇತ್ತು. ಕೆಮ್ಮು ಹತ್ತಿರ ಬಂತು. ಟೆಂಟಿನ ಮೇಲೆ ಬೆಳಕು ಹರಿದಾಡಿತು. ನನಗೆ ಹೋದ ಜೀವ ಬಂತು. ಚಿರತೆ ಟಾರ್ಚ್ ಹಿಡಿಯಲ್ಲ.

‘ಯಾರದು?’

‘ನಾನ್ ಕಣಪ್ಪ. ತ್ರೀ ಫೇಸ್ ಬಂತು.’

ಹೊರಗೆ ಬಂದರೆ ದೊಡ್ಡಪ್ಪ, ಮಂಕಿ ಟೋಪಿ, ಮೈಮೇಲೆ ಕಂಬಳಿ, ಕೈಯಲ್ಲಿ ದೊಣ್ಣೆ. ಪಂಪಿಗೆ ಬೇಕಾದ ಕರೆಂಟು ಬರೋದೇ ಆ ಹೊತ್ತಿಗೆ. ತೆಂಗಿಗೆ ನೀರು ಬಿಡಬೇಕೆಂದರೆ ಏಳಲೇಬೇಕು. ವಾರದಲ್ಲಿ ಎಷ್ಟೋ ರಾತ್ರಿ ಹೀಗೆ ಒಬ್ಬರೇ ಬರುತ್ತಾರೆ. ಕೆಮ್ಮು ಕಾಯಿಲೆಯದಲ್ಲ. ದೊಣ್ಣೆ ಕುಟ್ಟೋದು, ಕೆಮ್ಮೋದು ಎಲ್ಲ ಕರಡಿಗೆ ‘ನಾನು ಬರ್ತಿದ್ದೀನಿ’ ಅಂತ ಹೇಳೋಕೆ. ನಾವು ಇದನ್ನು ಕ್ಯಾಂಪಿಂಗ್ ಅಂತ ಕರೆದು ಒಂದು ವಾರ ತಯಾರಿ ಮಾಡಿದ್ದೆವು.

ಅವರ ಹಿಂದೆಯೇ ಮೋಟರ್ ಮನೆಗೆ ಇಳಿದೆವು. ಇನ್ನೂರು ಹೆಜ್ಜೆ ಇರಬಹುದು. ದೊಡ್ಡಪ್ಪ ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು ಎರಡೂ ಕೈಯಲ್ಲಿ ಸ್ಟಾರ್ಟರ್ ಡಬ್ಬಿಯ ಬಾಗಿಲು ತೆಗೆದರು. ಮೊದಲು ಒಳಗೆ ಬೆಳಕು ಬಿಟ್ಟು ನೋಡಿದರು, ಹಾವು ಸೇರಿಕೊಂಡಿದೆಯಾ ಅಂತ. ಹಸಿರು ಗುಂಡಿ ಒತ್ತಿದರು. ಗುಂಯ್ ಅಂತ ಸದ್ದು ಬಂತು. ಪೈಪು ಎರಡು ಸಲ ಗಾಳಿ ಉಗುಳಿತು, ಕೆಂಪು ನೀರು ಕಕ್ಕಿತು, ಆಮೇಲೆ ತಿಳಿಯಾಗಿ ಸುರಿಯಿತು. ಕೈ ಒಡ್ಡಿದೆ. ನೀರು ಬೆಚ್ಚಗಿತ್ತು! ಹೊರಗೆ ಹಲ್ಲು ಕಟಕಟ ಅನ್ನೋ ಚಳಿ, ಏಳುನೂರು ಅಡಿ ಕೆಳಗಿಂದ ಬಂದ ನೀರು ಹದವಾಗಿ ಕಾಯಿಸಿದಂತಿತ್ತು. ಇಬ್ಬರೂ ಮುಖ, ಕುತ್ತಿಗೆ, ಕಾಲು ತೊಳೆದೆವು, ಮತ್ತೆ ತೊಳೆದೆವು. ಅವತ್ತಿನ ಅಷ್ಟೂ ಸುಖ ಆ ಪೈಪಿನ ಬಾಯಲ್ಲಿತ್ತು.

ಬೊಗಸೆ ತುಂಬಿ ಬಾಯಿಗೆ ಎತ್ತಿದೆ. ದೊಡ್ಡಪ್ಪ ಕೈ ಹಿಡಿದರು. ‘ಕುಡೀಬ್ಯಾಡ. ಇದು ತೆಂಗಿಗೆ. ನಾವೇ ಕುಡಿಯಲ್ಲ.’ ಫ್ಲೋರೈಡು. ನಮ್ಮ ಜಿಲ್ಲೆಯ ಆಳದ ಬೋರ್‌ಗಳ ಹಳೇ ರೋಗ. ನೀರು ಕಾಯಿಸಿದರೆ ಕ್ರಿಮಿ ಸಾಯುತ್ತೆ, ಫ್ಲೋರೈಡ್ ಹೋಗಲ್ಲ. ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನಲ್ಲಿ ತಂದು ಅವರು ಕುಡಿಯೋದು. ಅಂದರೆ ನಮ್ಮ 14 ಲೀಟರ್ ದಂಡವಾಗಲಿಲ್ಲ ಅಂತ ನನ್ನ ಬೆರಳಿಗೆ ಸಮಾಧಾನವಾಯಿತು.

ಅಲ್ಲೇ ಕೂತು ಒಲೆ ಹಚ್ಚಿ ಮೂವರಿಗೂ ಟೀ ಮಾಡಿದೆವು. ದೊಡ್ಡಪ್ಪ ಆ ಪುಟಾಣಿ ಒಲೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ನನ್ನ ಹಣೆ ಮೇಲಿನ ಲೈಟ್ ನೋಡಿದರು. ‘ಕೊಡು ಇಲ್ಲಿ’ ಅಂತ ಮಂಕಿ ಟೋಪಿ ಮೇಲೆ ಕಟ್ಟಿಕೊಂಡರು. ಎರಡೂ ಕೈ ಮುಂದೆ ಚಾಚಿ ಬೆರಳು ಆಡಿಸಿ ನೋಡಿಕೊಂಡರು. ಏನೂ ಅನ್ನಲಿಲ್ಲ, ಬಿಚ್ಚಿ ಕೊಟ್ಟರು.

ಬೆಳಿಗ್ಗೆ ಟೆಂಟಿನ ಒಳಗೋಡೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕಿಟಕಿ ಮುಚ್ಚಿ ಮಲಗಿದ್ದರ ಫಲ, ನಮ್ಮದೇ ಉಸಿರು. ರಗ್ಗಿನ ಅಂಚು ಒದ್ದೆ. ಶೂ ಕೊಡವಿದೆವು, ಚೇಳಿರಲಿಲ್ಲ, ಒಂದು ಜೀರುಂಡೆ ಬಿತ್ತು. ಎಲಚಿ ಮರದ ಹತ್ತಿರ ಹೋಗಿ ನೋಡಿದರೆ ಹೊಸ ಲದ್ದಿಯೇನೂ ಇರಲಿಲ್ಲ. ಗೆಳೆಯನಿಗೆ ಸ್ವಲ್ಪ ನಿರಾಸೆಯಾದ ಹಾಗಿತ್ತು, ಬಾಯಿಬಿಟ್ಟು ಹೇಳಲಿಲ್ಲ. ಗುಂಡಿ ಮುಚ್ಚಿದೆವು, ಕಲ್ಲುಗಳನ್ನು ಬದುವಿಗೆ ವಾಪಸ್ ಇಟ್ಟೆವು. ನಮ್ಮ ಕಸ ಒಂದು ಸಣ್ಣ ಚೀಲವಾಯಿತು. ಬರೋ ದಾರಿಯಲ್ಲಿ ಬಂಡೆ ಸಂದಿಯಲ್ಲಿ ಬಿದ್ದಿದ್ದ ಯಾರದೋ ಬಾಟಲಿ, ಪ್ಯಾಕೆಟ್ಟು ಎತ್ತಿಕೊಂಡೆವು. ಅದು ದೊಡ್ಡ ಚೀಲವಾಯಿತು.

ಮನೆಯಲ್ಲಿ ದೊಡ್ಡಮ್ಮ ಮುದ್ದೆ, ಅವರೆಕಾಳು ಸಾರು ಮಾಡಿಟ್ಟಿದ್ದರು. ಬೆಳಿಗ್ಗೆ ಒಂಬತ್ತಕ್ಕೆ ಮುದ್ದೆ. ಹೊಲದಲ್ಲಿ ಮಲಗಿದ್ದಕ್ಕೆ ಬೈದುಕೊಂಡೇ ಬಡಿಸಿದರು. ಜಾಗಕ್ಕೆ ಏನಾದರೂ ಕೊಡಬೇಕು ಅಂತ ಗೆಳೆಯ ಜೇಬಿಗೆ ಕೈ ಹಾಕಿದ. ನಾನು ಕಣ್ಣಲ್ಲೇ ಬೇಡ ಅಂದೆ. ದುಡ್ಡು ಕೊಟ್ಟಿದ್ದರೆ ಇನ್ನೊಂದು ಸಲ ಆ ಮನೆಗೆ ಮುಖ ತೋರಿಸೋಕೆ ಆಗುತ್ತಿರಲಿಲ್ಲ.

ಹೋದ ವಾರ ದೊಡ್ಡಪ್ಪನೇ ಫೋನ್ ಮಾಡಿದ್ದರು. ಅಮ್ಮನ ಆರೋಗ್ಯ ಕೇಳಿದರು, ತೆಂಗಿನಕಾಯಿ ರೇಟು ಹೇಳಿದರು. ಇಡೋ ಹೊತ್ತಿಗೆ, ‘ಮತ್ತೆ ಯಾವಾಗ ಬತ್ತೀರಪ್ಪ ಮಲಗಕ್ಕೆ?’ ಅಂದರು. ನೋಡೋಣ ದೊಡ್ಡಪ್ಪ ಅಂದೆ.

‘ಬರೋವಾಗ ಆ ತಲೆಗೆ ಕಟ್ಕೊಳ್ಳೋ ಲೈಟ್ ಒಂದು ತಾ. ದುಡ್ಡು ನಾನ್ ಕೊಡ್ತೀನಿ.’